ಉಬ್ಬಸದ ಫೈಲಿನಲ್ಲಿ ಇಲ್ಲದ ಪ್ರಶ್ನೆ

ಕಳೆದ ಆಷಾಢದ ಒಂದು ಮಧ್ಯಾಹ್ನ ಸ್ತ್ರೀರೋಗ ತಜ್ಞರ ಕೊಠಡಿಯ ಹೊರಗೆ ಕುಳಿತು ನಾನು ಒಂದು ನಮೂನೆಯನ್ನು ತುಂಬುತ್ತಿದ್ದೆ. ಮುಟ್ಟು ನಿಲ್ಲುವ ಕಾಲದ ತೊಂದರೆಗಳಿಗೆ ಹಾರ್ಮೋನು ಕೊಡಬಹುದೋ ಬಾರದೋ ಎಂದು ನಿರ್ಧರಿಸುವ ಮೊದಲು ಕೇಳಬೇಕಾದ ಪ್ರಶ್ನೆಗಳೆಲ್ಲ ಅದರಲ್ಲಿದ್ದವು. ಮನೆತನದಲ್ಲಿ ಯಾರಿಗಾದರೂ ಸ್ತನದ ಕ್ಯಾನ್ಸರ್ ಬಂದಿತ್ತೇ, ಕಾಲಿನಲ್ಲಿ ರಕ್ತ ಹೆಪ್ಪುಗಟ್ಟಿತ್ತೇ, ಯಕೃತ್ತಿನ ಕಾಯಿಲೆ ಇದೆಯೇ, ಅರೆತಲೆನೋವು ಬರುತ್ತದೆಯೇ, ಕಾರಣ ತಿಳಿಯದ ರಕ್ತಸ್ರಾವ ಆಗಿದೆಯೇ. ಎಲ್ಲಕ್ಕೂ 'ಇಲ್ಲ' ಎಂದು ಗುರುತು ಹಾಕಿದ ಮೇಲೆ ಕೈಚೀಲದೊಳಗಿನ ನೀಲಿ ಇನ್ಹೇಲರನ್ನು ಅಭ್ಯಾಸಬಲದಿಂದ ಒಮ್ಮೆ ಮುಟ್ಟಿ ನೋಡಿಕೊಂಡೆ. ಅದರ ಬಗ್ಗೆ ಆ ಹಾಳೆ ಏನನ್ನೂ ಕೇಳಿರಲಿಲ್ಲ. ಕೊನೆಯಲ್ಲಿದ್ದ 'ಇತರೆ' ಎಂಬ ಒಂದೇ ಗೆರೆಯ ಮೇಲೆ 'ಅಸ್ತಮಾ, 35 ವರ್ಷದಿಂದ' ಎಂದು ಬರೆದೆ. ವೈದ್ಯರು ಅದನ್ನು ಓದಿ, "ಅದಕ್ಕೆ ಔಷಧಿ ತೊಗೊಳ್ತಿದ್ದೀರಲ್ಲ" ಎಂದು ಮುಂದಿನ ಮಾತಿಗೆ ಹೋದರು.

ಅವರನ್ನು ದೂರುವುದಕ್ಕಾಗಿ ನಾನಿದನ್ನು ಬರೆಯುತ್ತಿಲ್ಲ, ಏಕೆಂದರೆ ಇನ್ನೊಂದು ಕಡೆಯ ಕಥೆಯೂ ಹೀಗೆಯೇ ಇದೆ. ಎದೆರೋಗದ ವೈದ್ಯರ ಬಳಿ ಇರುವ ನನ್ನ ದಪ್ಪ ಫೈಲಿನಲ್ಲಿ ಮನೆಯಲ್ಲಿ ಬೆಕ್ಕು ಇದೆಯೇ, ಜಿರಲೆ ಇದೆಯೇ, ಗೋಡೆಗೆ ತೇವ ಹತ್ತಿದೆಯೇ, ಸುತ್ತಮುತ್ತ ಕಾಂಗ್ರೆಸ್ ಹುಲ್ಲು ಬೆಳೆದಿದೆಯೇ, ದೇವರ ಮನೆಯಲ್ಲಿ ಧೂಪ ಹಾಕುತ್ತೀರಾ ಎಂಬುದೆಲ್ಲ ದಾಖಲಾಗಿದೆ. ಅಷ್ಟು ಹಾಳೆಗಳಲ್ಲಿ ಒಂದು ಕಡೆಯೂ 'ಮುಟ್ಟು' ಎಂಬ ಶಬ್ದವಿಲ್ಲ. ಗರ್ಭ ಧರಿಸಿದ ಒಂಬತ್ತು ತಿಂಗಳು ಮಾತ್ರ ಆ ಫೈಲು ನನ್ನನ್ನು ಹೆಂಗಸೆಂದು ಗುರುತಿಸಿತು. ಹೆರಿಗೆಯ ಮರುವಾರದಿಂದ ನಾನು ಮತ್ತೆ ಬರೀ ಒಂದು ಜೊತೆ ಶ್ವಾಸಕೋಶವಾದೆ.

ಮುಟ್ಟು ನಿಲ್ಲುವಾಗ ಕೊಡುವ ಹಾರ್ಮೋನು ಉಬ್ಬಸವನ್ನು ಏನು ಮಾಡುತ್ತದೆ ಎಂಬ ನನ್ನ ಪ್ರಶ್ನೆ ಈ ಎರಡು ಕೊಠಡಿಗಳ ನಡುವಿನ ಕಾರಿಡಾರಿನಲ್ಲಿ ಉಳಿದುಕೊಂಡಿತು. ಪದವಿ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುವವಳಾದ್ದರಿಂದ ಅದನ್ನು ಅಲ್ಲೇ ಬಿಟ್ಟು ಬರಲು ನನಗೆ ಮನಸ್ಸಾಗಲಿಲ್ಲ.

ಅಣ್ಣನ ದಮ್ಮು

ನಮ್ಮ ಮನೆಯಲ್ಲಿ ಮೊದಲು ದಮ್ಮು ಇದ್ದದ್ದು ಅಣ್ಣನಿಗೆ. ಸುಗ್ಗಿಯ ಕಾಲದಲ್ಲಿ ಕಣದ ಹೊಟ್ಟು ಹಾರಿದರೆ ಸಾಕು, ರಾತ್ರಿ ಅವನ ಎದೆಯಿಂದ ಪೀಪಿ ಊದಿದಂತಹ ಸದ್ದು ಹೊರಡುತ್ತಿತ್ತು. ಒಂಬತ್ತನೆಯ ತರಗತಿಗೆ ಬರುವಷ್ಟರಲ್ಲಿ ಅವನ ಧ್ವನಿ ಒಡೆಯಿತು, ಮೀಸೆ ಚಿಗುರಿತು, ದಮ್ಮು ಹೇಳದೆ ಕೇಳದೆ ಹೊರಟುಹೋಯಿತು. ಒಂದೆರಡು ವರ್ಷಗಳ ನಂತರ, ನಾನು ಮೈನೆರೆದ ಮೇಲೆ, ಅದೇ ಪೀಪಿ ನನ್ನ ಎದೆಯಲ್ಲಿ ಕೇಳಿಸತೊಡಗಿತು. "ಅಣ್ಣನ ದಮ್ಮು ತಂಗಿಗೆ ದಾಟೇತಿ ನೋಡ್ರಿ" ಎಂದು ಅಜ್ಜಿ ಬಂದವರಿಗೆಲ್ಲ ಹೇಳುತ್ತಿದ್ದಳು. ಆ ಮಾತಿನಿಂದ ಅಣ್ಣನಿಗೆ ಎಷ್ಟು ಸಂಕೋಚವಾಗಿತ್ತೆಂದರೆ ಹಲವು ದಿನ ಅವನು ನನ್ನ ತಟ್ಟೆಯ ಪಕ್ಕದಲ್ಲಿ ಊಟಕ್ಕೆ ಕೂರುತ್ತಿರಲಿಲ್ಲ.

ಅಜ್ಜಿಯ ಕಾರಣ ತಪ್ಪಾಗಿದ್ದರೂ ಅವಳು ಕಂಡದ್ದು ಸರಿಯಾಗಿಯೇ ಇತ್ತು. ಚಿಕ್ಕಂದಿನಲ್ಲಿ ಅಸ್ತಮಾ ಹೆಚ್ಚಾಗಿ ಗಂಡುಮಕ್ಕಳಿಗೆ ಬರುತ್ತದೆ. ಹರೆಯ ದಾಟುವಾಗ ಲೆಕ್ಕ ಪಲ್ಲಟವಾಗಿ, ದೊಡ್ಡವರಲ್ಲಿ ಹೆಂಗಸರಿಗೇ ಹೆಚ್ಚು, ತೀವ್ರವಾಗಿ ಬರುವುದೂ ಹೆಂಗಸರಿಗೇ ಹೆಚ್ಚು. ಇದು ದೇಶದಿಂದ ದೇಶಕ್ಕೆ ಬಹಳ ಬದಲಾಗದ ಸಂಗತಿ. ಗಂಡಸಿನ ಹಾರ್ಮೋನಾದ ಟೆಸ್ಟೋಸ್ಟೆರೋನು ಅಲರ್ಜಿಯ ಬಗೆಯ ಉರಿಯೂತಕ್ಕೆ ಕಡಿವಾಣ ಹಾಕುತ್ತದೆ ಎಂದೂ, ಹೆಂಗಸಿನ ಹಾರ್ಮೋನಾದ ಈಸ್ಟ್ರೋಜೆನ್ ಅದೇ ಉರಿಯೂತಕ್ಕೆ ಗಾಳಿ ಹಾಕಬಲ್ಲದು ಎಂದೂ ಪ್ರಯೋಗಾಲಯದ ಕೆಲಸಗಳು ತೋರಿಸಿವೆ. ಅಲರ್ಜಿಯ ಸಮಯದಲ್ಲಿ ಹಿಸ್ಟಮಿನ್ ಸುರಿಸುವ ಮಾಸ್ಟ್ ಕೋಶಗಳ ಮೇಲೂ ಈಸ್ಟ್ರೋಜೆನ್ನನ್ನು ಗುರುತಿಸುವ ಗ್ರಾಹಕಗಳಿವೆ. ಅಂದರೆ ಮುಟ್ಟಿನ ಲೆಕ್ಕ ಇಡುವ ಹಾರ್ಮೋನು ಶ್ವಾಸನಾಳದ ಒಳಗೋಡೆಗೂ ಪರಿಚಿತವೇ.

ತಿಂಗಳಿಗೊಮ್ಮೆ, ಮುಟ್ಟಿಗೆ ಮೂರು ನಾಲ್ಕು ದಿನ ಮೊದಲು, ನನ್ನ ಉಬ್ಬಸ ಬಿಗಿಯಾಗುತ್ತದೆ ಎಂಬುದು ನನಗೆ ಕಾಲೇಜಿನ ದಿನಗಳಿಂದಲೂ ಗೊತ್ತಿತ್ತು. ಆದರೆ ಯಾವ ವೈದ್ಯರಿಗೂ ಹೇಳಿರಲಿಲ್ಲ. ಅದು ಹೇಳಬೇಕಾದ ವಿಷಯವೆಂದು ಹೊಳೆದಿರಲೂ ಇಲ್ಲ. ನ್ಯೂಯಾರ್ಕಿನ ಸ್ತ್ರೀರೋಗ ತಜ್ಞ ರಾಬರ್ಟ್ ಫ್ರಾಂಕ್ 1931ರಲ್ಲಿಯೇ ಮುಟ್ಟಿನ ಮುಂಚಿನ ತೊಂದರೆಗಳನ್ನು ವಿವರಿಸುವಾಗ ಉಬ್ಬಸವನ್ನೂ ಸೇರಿಸಿದ್ದರು. ಅಸ್ತಮಾ ಇರುವ ಹೆಂಗಸರಲ್ಲಿ ನೂರಕ್ಕೆ 30ರಿಂದ 40 ಮಂದಿ ಈ ಅನುಭವವನ್ನು ಹೇಳಿಕೊಳ್ಳುತ್ತಾರೆ ಎಂಬುದು ವೈದ್ಯಕೀಯ ಬರಹಗಳಲ್ಲಿ ಮತ್ತೆ ಮತ್ತೆ ಕಾಣುವ ಅಂದಾಜು. ಇಷ್ಟು ಸಾಮಾನ್ಯವಾದದ್ದು ಫೈಲಿಗೆ ಬಾರದಿದ್ದುದಕ್ಕೆ ಅರ್ಧ ಕಾರಣ ಕೇಳದ ವೈದ್ಯರು, ಇನ್ನರ್ಧ ಕಾರಣ ಹೇಳದ ನಾನು. 'ಹೊರಗಾಗಿದ್ದೇನೆ' ಎಂಬುದನ್ನು ಕಣ್ಸನ್ನೆಯಲ್ಲೇ ತಿಳಿಸಬೇಕಾದ ಮನೆಯಲ್ಲಿ ಬೆಳೆದವಳು ಗಂಡಸು ವೈದ್ಯರ ಮುಂದೆ, ಸ್ಟೆಥಾಸ್ಕೋಪಿನ ತಣ್ಣನೆಯ ಬಿಲ್ಲೆ ಬೆನ್ನಿಗೆ ತಾಗಿರುವಾಗ, ಆ ಮಾತನ್ನು ಎತ್ತುವುದು ಹೇಗೆ?

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಮುಟ್ಟಿಗೆ ಮುಂಚಿನ ಆ ದಿನಗಳಲ್ಲಿ ಈಸ್ಟ್ರೋಜೆನ್ ಮತ್ತು ಹೆಂಗಸಿನ ಇನ್ನೊಂದು ಹಾರ್ಮೋನಾದ ಪ್ರೊಜೆಸ್ಟೆರೋನ್ ಎರಡೂ ಇಳಿಯುತ್ತಿರುತ್ತವೆ. ಗರ್ಭಿಣಿಯಲ್ಲಿ ಎರಡೂ ಮುಗಿಲೆತ್ತರಕ್ಕೆ ಏರಿರುತ್ತವೆ. ಆಗ ಮೂರರಲ್ಲೊಂದು ಪಾಲು ಹೆಂಗಸರ ಉಬ್ಬಸ ಹೆಚ್ಚುತ್ತದೆ, ಒಂದು ಪಾಲಿನದು ಕಡಿಮೆಯಾಗುತ್ತದೆ, ಉಳಿದವರದು ಇದ್ದಂತೆಯೇ ಇರುತ್ತದೆ ಎಂದು ವೈದ್ಯರು ಪಾಠದಲ್ಲಿ ಕಲಿಯುತ್ತಾರೆ. ಹಾಗಾದರೆ ಈಸ್ಟ್ರೋಜೆನ್ ಹೆಚ್ಚಾದರೆ ಕೆಟ್ಟದ್ದು, ಕಡಿಮೆಯಾದರೆ ಒಳ್ಳೆಯದು ಎಂಬ ಸರಳ ರೇಖೆ ಎಳೆಯಲು ಬರುವುದಿಲ್ಲ. ಹಾರ್ಮೋನಿನ ಮಟ್ಟಕ್ಕಿಂತ ಅದರ ಏರಿಳಿತವೇ ಹೆಚ್ಚು ಕಾಡುತ್ತಿರಬಹುದು ಎಂಬ ಸಂಶಯ ಹಲವು ಸಂಶೋಧಕರಿಗಿದೆ, ನನ್ನ ಮೈಗೂ ಇದೆ.

ಅವ್ವನ ಬಿಳಿ ಗುಳಿಗೆ

ಅವ್ವನಿಗೆ ಮುಟ್ಟು ನಿಂತದ್ದು ನಲವತ್ತಾರರ ಸುಮಾರಿಗೆ. ಪಶ್ಚಿಮದ ದೇಶಗಳಲ್ಲಿ ಇದು 51ರ ಆಸುಪಾಸಿನಲ್ಲಿ ನಡೆದರೆ, ನಮ್ಮಲ್ಲಿ ನಾಲ್ಕೈದು ವರ್ಷ ಬೇಗ. ನಿಲ್ಲುವ ಮುಂಚಿನ ಎರಡು ವರ್ಷ ಅವಳು ಪಟ್ಟ ಪಾಡು ನನ್ನ ಕಣ್ಣಿಗೆ ಕಟ್ಟಿದೆ. ರಾತ್ರಿ ಎರಡರ ಹೊತ್ತಿಗೆ ಎದ್ದು ಪಡಸಾಲೆಗೆ ಬರುತ್ತಿದ್ದಳು. ಗೋಡೆಗೆ ಆನಿಸಿಟ್ಟ ಜೋಳದ ಚೀಲದ ಮೇಲೆ ಎರಡು ದಿಂಬು ಪೇರಿಸಿ, ಅದರ ಮೇಲೆ ಮೊಣಕೈಯೂರಿ ಮುಂದಕ್ಕೆ ಬಾಗಿ ಕೂರುತ್ತಿದ್ದಳು. ಹೆಗಲು ಏರಿಳಿಯುತ್ತಿತ್ತು, ಕುಪ್ಪಸದ ಬೆನ್ನು ಬೆವರಿನಿಂದ ಒದ್ದೆಯಾಗಿ ಅಂಟಿಕೊಂಡಿರುತ್ತಿತ್ತು. ಧಾರವಾಡದ ಡಿಸೆಂಬರಿನ ಚಳಿಯಲ್ಲಿ ಅವಳಿಗೆ ಬೆವರು ಯಾಕೆ ಎಂಬ ಪ್ರಶ್ನೆ ಆಗ ನಮಗ್ಯಾರಿಗೂ ಬರಲಿಲ್ಲ. ಉಸಿರಿಗಾಗಿ ಗುದ್ದಾಡುವವರು ಬೆವರುತ್ತಾರೆ ಎಂದುಕೊಂಡೆವು. ಈಗ ಅನ್ನಿಸುತ್ತದೆ, ಆ ಬೆವರಿನಲ್ಲಿ ಅರ್ಧವಾದರೂ ಉಬ್ಬಸದ್ದಾಗಿರಲಿಲ್ಲ.

ಅಪ್ಪ ಔಷಧದಂಗಡಿಯಿಂದ ಕಾಗದದ ಪೊಟ್ಟಣದಲ್ಲಿ ಎರಡು ಬಗೆಯ ಗುಳಿಗೆ ತರುತ್ತಿದ್ದರು. ಒಂದು ಶ್ವಾಸನಾಳ ಸಡಿಲಿಸುವ ಡೆರಿಫಿಲಿನ್. ಇನ್ನೊಂದು ಸಾಸಿವೆಗಿಂತ ಸ್ವಲ್ಪ ದೊಡ್ಡದಾದ ಬಿಳಿ ಗುಳಿಗೆ, ಅದನ್ನು ನುಂಗಿದ ಅರ್ಧ ದಿನದಲ್ಲಿ ಅವ್ವ ಎದ್ದು ರೊಟ್ಟಿ ಬಡಿಯುತ್ತಿದ್ದಳು. ಅದು ಸ್ಟೆರಾಯ್ಡ್ ಎಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ನಂತರ. ಮುಟ್ಟು ಪೂರ್ತಿ ನಿಂತ ಮೇಲೆ ತಿಂಗಳ ಲೆಕ್ಕದ ಆ ಉಬ್ಬಸವೂ ನಿಂತಿತು, ಚಳಿಗಾಲದ್ದು ಮಾತ್ರ ಉಳಿಯಿತು. ಆದರೆ ಬಿಳಿ ಗುಳಿಗೆಯ ರೂಢಿ ಹೋಗಲಿಲ್ಲ. ಅರವತ್ತೊಂದನೆಯ ವಯಸ್ಸಿನಲ್ಲಿ ಬಚ್ಚಲಿನ ಒಂದೇ ಒಂದು ಮೆಟ್ಟಿಲು ಇಳಿಯುವಾಗ ಜಾರಿ ಅವಳ ಸೊಂಟದ ಮೂಳೆ ಮುರಿಯಿತು. ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ ವೈದ್ಯರು, "ಗೆದ್ದಲು ತಿಂದ ತೊಲಿ ಆಗ್ಯಾವ ಎಲುಬು" ಎಂದರು.

ಅವ್ವನ ಎಲುಬನ್ನು ಎರಡು ಕಡೆಯಿಂದ ತಿಂದದ್ದು ಈ ಎರಡು ಸಂಗತಿಗಳೇ. ದೀರ್ಘಕಾಲ ನುಂಗಿದ ಸ್ಟೆರಾಯ್ಡ್ ಮೂಳೆಯನ್ನು ಸವೆಸುತ್ತದೆ. ಈಸ್ಟ್ರೋಜೆನ್ ಇಲ್ಲವಾದಾಗ ಮೂಳೆ ಇನ್ನಷ್ಟು ವೇಗವಾಗಿ ಸವೆಯುತ್ತದೆ. ಆ ಈಸ್ಟ್ರೋಜೆನ್ನನ್ನು ಹೊರಗಿನಿಂದ ಕೊಡುವ ಹಾರ್ಮೋನು ಚಿಕಿತ್ಸೆ ಮೂಳೆ ಮುರಿತವನ್ನು ಕಡಿಮೆ ಮಾಡುತ್ತದೆ ಎಂಬುದರ ಬಗ್ಗೆ ತಕರಾರಿಲ್ಲ. ಆ ಚಿಕಿತ್ಸೆಗೆ ಕೆಟ್ಟ ಹೆಸರು ತಂದ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಪ್ರಯೋಗ ಕೂಡ ಇದನ್ನು ಖಚಿತಪಡಿಸಿತು. 16,608 ಹೆಂಗಸರ ಆ ಪ್ರಯೋಗವನ್ನು 2002ರ ಜುಲೈಯಲ್ಲಿ ಅರ್ಧಕ್ಕೇ ನಿಲ್ಲಿಸಿದಾಗ ಸ್ತನದ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆ ಹೆಚ್ಚಿದ್ದು ಜಗತ್ತಿಗೆಲ್ಲ ಸುದ್ದಿಯಾಯಿತು. ಸೊಂಟದ ಮೂಳೆ ಮುರಿತ ಕಡಿಮೆಯಾಗಿದ್ದುದು ಒಳಪುಟದ ಮಾತಾಯಿತು. ಅದರಲ್ಲಿದ್ದವರ ಸರಾಸರಿ ವಯಸ್ಸು 63 ಎಂಬುದು, ಅಂದರೆ ಮುಟ್ಟು ನಿಂತು ಹತ್ತು ಹನ್ನೆರಡು ವರ್ಷ ಕಳೆದವರೇ ಅದರಲ್ಲಿ ಹೆಚ್ಚಾಗಿದ್ದರು ಎಂಬುದು, ಬಹಳ ತಡವಾಗಿ ಚರ್ಚೆಗೆ ಬಂತು. ಉಬ್ಬಸದ ಹೆಂಗಸಿಗೆ ಹಾರ್ಮೋನು ಬೇಕೇ ಎಂದು ಯೋಚಿಸುವಾಗ ನಾವು ಎದೆಯನ್ನಷ್ಟೇ ನೋಡಿದರೆ ಸಾಲದು ಎಂದು ನಾನು ಹೇಳುವುದು ಅವ್ವನ ಆ ಎಕ್ಸ್‌ರೇಯನ್ನು ನೆನೆದು.

ನರ್ಸುಗಳು, ಶಿಕ್ಷಕಿಯರು, ರಿಜಿಸ್ಟರುಗಳು

ಇನ್ನು ನೇರವಾಗಿ ಪ್ರಶ್ನೆಗೆ ಬರುತ್ತೇನೆ. ಹಾರ್ಮೋನು ತೆಗೆದುಕೊಂಡರೆ ಅಸ್ತಮಾ ಬರುತ್ತದೆಯೇ?

ಇದಕ್ಕೆ ಮೊದಲ ದೊಡ್ಡ ಉತ್ತರ ಕೊಟ್ಟದ್ದು ಅಮೆರಿಕದ ನರ್ಸುಗಳು. 1976ರಲ್ಲಿ 1,21,700 ನರ್ಸುಗಳನ್ನು ಸೇರಿಸಿಕೊಂಡು ಆರಂಭವಾದ ನರ್ಸಸ್ ಹೆಲ್ತ್ ಸ್ಟಡಿ ಎರಡು ವರ್ಷಕ್ಕೊಮ್ಮೆ ಅವರಿಗೆ ಪ್ರಶ್ನಾವಳಿ ಕಳಿಸುತ್ತಾ ಬಂದಿತು. 1995ರಲ್ಲಿ ಪ್ರಕಟವಾದ ಅದರ ವಿಶ್ಲೇಷಣೆಯ ಪ್ರಕಾರ, ಮುಟ್ಟು ನಿಂತು ಎಂದೂ ಹಾರ್ಮೋನು ಮುಟ್ಟದವರಿಗೆ ಹೊಸದಾಗಿ ಅಸ್ತಮಾ ಬರುವ ಸಾಧ್ಯತೆ, ಇನ್ನೂ ಮುಟ್ಟಾಗುತ್ತಿದ್ದ ಅದೇ ವಯಸ್ಸಿನವರಿಗಿಂತ ಮೂರನೇ ಒಂದು ಪಾಲಿನಷ್ಟು ಕಡಿಮೆಯಿತ್ತು. ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಹಾರ್ಮೋನು ತೆಗೆದುಕೊಂಡವರಿಗೆ, ಎಂದೂ ತೆಗೆದುಕೊಳ್ಳದವರಿಗಿಂತ ಅದು ಎರಡರಷ್ಟಿತ್ತು. ಅವ್ವನ ತಿಂಗಳ ಉಬ್ಬಸ ನಿಂತ ರೀತಿಗೂ ಈ ಮೊದಲ ಅಂಕಿಗೂ ಹೊಂದಿಕೆಯಾಗುವುದನ್ನು ಕಂಡು, ಹಾಗೆ ಹೊಂದಿಸಬಾರದೆಂದು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಹೇಳುವ ನಾನೇ, ಕ್ಷಣಕಾಲ ಹಿಗ್ಗಿದೆ.

ಹಾರ್ಮೋನು ತೆಗೆದುಕೊಳ್ಳುವವರು ವೈದ್ಯರ ಬಳಿ ಪದೇ ಪದೇ ಹೋಗುತ್ತಾರೆ, ಹೋದಷ್ಟೂ ಕಾಯಿಲೆಗಳು ಪತ್ತೆಯಾಗುತ್ತವೆ, ಇದರಲ್ಲಿ ಹಾರ್ಮೋನಿನದೇನೂ ತಪ್ಪಿಲ್ಲ ಎಂಬ ಆಕ್ಷೇಪ ತಕ್ಷಣ ಏಳುತ್ತದೆ. 2004ರಲ್ಲಿ ಅದೇ ನರ್ಸುಗಳ ಮಾಹಿತಿಯನ್ನು ಮತ್ತೆ ತೆಗೆದವರು ಇದಕ್ಕೊಂದು ಜಾಣ ಪರೀಕ್ಷೆ ಒಡ್ಡಿದರು. ಈಸ್ಟ್ರೋಜೆನ್ ತೆಗೆದುಕೊಳ್ಳುತ್ತಿದ್ದವರಲ್ಲಿ ಹೊಸ ಅಸ್ತಮಾ ಎರಡು ಪಟ್ಟಿಗಿಂತ ಹೆಚ್ಚು ಕಂಡಿತು. ಆದರೆ ಮುಖ್ಯವಾಗಿ ಧೂಮಪಾನದಿಂದ ಬರುವ, ಅದೇ ಎದೆಯ ಇನ್ನೊಂದು ಕಾಯಿಲೆಯಾದ ಸಿಒಪಿಡಿ ಹೆಚ್ಚಲಿಲ್ಲ. ಬರೀ ವೈದ್ಯರ ಭೇಟಿಯೇ ಕಾರಣವಾಗಿದ್ದರೆ ಎರಡೂ ಹೆಚ್ಚಬೇಕಿತ್ತು. ಪರೀಕ್ಷೆಯಲ್ಲಿ ಯಾರಾದರೂ ಹೀಗೆ ಉತ್ತರ ಬರೆದರೆ ನಾನು ಪೂರ್ಣ ಅಂಕ ಕೊಡುತ್ತೇನೆ.

ನಂತರ ಬಂದವರು ಫ್ರಾನ್ಸಿನ ಶಿಕ್ಷಕಿಯರು. ಶಿಕ್ಷಣ ಕ್ಷೇತ್ರದವರ ಆರೋಗ್ಯ ವಿಮೆಯ ಸದಸ್ಯೆಯರನ್ನು 1990ರಿಂದ ಹಿಂಬಾಲಿಸಿದ ಇ3ಎನ್ ಅಧ್ಯಯನದಲ್ಲಿ ಮುಟ್ಟು ನಿಂತ 57,664 ಹೆಂಗಸರಿದ್ದರು. ಇಂತಹ ಅಧ್ಯಯನಗಳಿಗೆ ನರ್ಸುಗಳೂ ಶಿಕ್ಷಕಿಯರೂ ಯಾಕೆ ಎಂದರೆ, ನಮೂನೆಗಳನ್ನು ಬೇಸರವಿಲ್ಲದೆ, ಕಾಲಕ್ಕೆ ಸರಿಯಾಗಿ, ಅಕ್ಷರ ಗೊತ್ತಾಗುವಂತೆ ತುಂಬುವವರು ನಾವೇ. ಜನಗಣತಿಗೂ ಚುನಾವಣೆಗೂ ನಮ್ಮನ್ನೇ ಎಳೆಯುವ ಸರ್ಕಾರಕ್ಕೆ ಇದು ಚೆನ್ನಾಗಿ ಗೊತ್ತಿದೆ. ಇರಲಿ. 2010ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಹಾರ್ಮೋನು ತೆಗೆದುಕೊಂಡವರಿಗೆ ಹೊಸ ಅಸ್ತಮಾದ ಸಾಧ್ಯತೆ ಶೇಕಡ 20ರಷ್ಟು ಹೆಚ್ಚಿತ್ತು. ಪ್ರೊಜೆಸ್ಟೆರೋನಿನ ಜೊತೆಯಿಲ್ಲದೆ ಬರೀ ಈಸ್ಟ್ರೋಜೆನ್ ತೆಗೆದುಕೊಂಡವರಲ್ಲಿ ಶೇಕಡ 54ರಷ್ಟು ಹೆಚ್ಚಿತ್ತು. ಬೀಡಿ ಸಿಗರೇಟು ಸೇದದವರಲ್ಲಿ, ಮೊದಲೇ ಅಲರ್ಜಿ ಇದ್ದವರಲ್ಲಿ ಇದು ಇನ್ನೂ ಸ್ಪಷ್ಟವಾಗಿತ್ತು.

ಶೇಕಡ 54 ಎಂಬುದನ್ನು ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದ್ದರಿಂದ ಹೋಲಿಕೆಯ ಹಿಂದಿನ ಮೂಲ ಅಂಕಿಯನ್ನೂ ನೋಡಬೇಕು. ಸುಮಾರು ಹನ್ನೆರಡು ವರ್ಷಗಳ ಅವಧಿಯಲ್ಲಿ ಆ 57,664 ಮಂದಿಯಲ್ಲಿ ಹೊಸದಾಗಿ ಅಸ್ತಮಾ ಬಂದದ್ದು 569 ಮಂದಿಗೆ. ಸಾವಿರಕ್ಕೆ ಹತ್ತು ಎಂದಿಟ್ಟುಕೊಳ್ಳಿ. ಹತ್ತು ಇದ್ದದ್ದು ಶೇಕಡ 20 ಏರಿದರೆ ಹನ್ನೆರಡಾಗುತ್ತದೆ, ಶೇಕಡ 54 ಏರಿದರೆ ಹದಿನೈದಾಗುತ್ತದೆ. ಉಳಿದ ಒಂಬೈನೂರ ಎಂಬತ್ತೈದು ಮಂದಿಗೆ ಏನೂ ಆಗುವುದಿಲ್ಲ. ಇಷ್ಟು ಹೇಳಿದ್ದರಿಂದ ಆ ಹೆಚ್ಚುವರಿ ಐವರ ಕಷ್ಟ ಹಗುರಾಗುವುದಿಲ್ಲ, ಆದರೆ ರಾತ್ರಿ ನಿದ್ದೆಯಿಲ್ಲದೆ ನರಳುವ ಹೆಂಗಸೊಬ್ಬಳು ಯಾವುದನ್ನು ಯಾವುದರ ಜೊತೆ ತೂಗುತ್ತಿದ್ದೇನೆಂದು ತಿಳಿದು ತೂಗಬಹುದು.

ಇಲ್ಲಿಗೆ ಕಥೆ ಮುಗಿದಿದ್ದರೆ ಸಲೀಸಾಗಿತ್ತು. 2021ರಲ್ಲಿ ಎರಡು ದೊಡ್ಡ ಅಧ್ಯಯನಗಳು ಬಂದವು, ಒಂದಕ್ಕೊಂದು ಬೆನ್ನು ತಿರುಗಿಸಿ ನಿಂತವು. ಡೆನ್ಮಾರ್ಕಿನವರು ರಾಷ್ಟ್ರೀಯ ರಿಜಿಸ್ಟರುಗಳಲ್ಲಿ 40ರಿಂದ 65 ವಯಸ್ಸಿನ ಹೆಂಗಸರನ್ನು ನೋಡಿ, ಹಾರ್ಮೋನು ತೆಗೆದುಕೊಳ್ಳುವವರಲ್ಲಿ ಹೊಸ ಅಸ್ತಮಾ ಶೇಕಡ 60ಕ್ಕೂ ಹೆಚ್ಚು ಎಂದರು. ಬ್ರಿಟನ್ನಿನವರು ಕುಟುಂಬ ವೈದ್ಯರ ಗಣಕೀಕೃತ ದಾಖಲೆಗಳಿಂದ 3,53,173 ಹೆಂಗಸರನ್ನು 17 ವರ್ಷಗಳ ಅವಧಿಯಲ್ಲಿ ನೋಡಿ, ಹಾರ್ಮೋನು ತೆಗೆದುಕೊಳ್ಳುವವರಲ್ಲಿ ಅಸ್ತಮಾ ಐದನೇ ಒಂದು ಪಾಲಿನಷ್ಟು ಕಡಿಮೆ ಎಂದರು.

ಎರಡೂ ಕಡೆ ಪ್ರಾಮಾಣಿಕರೇ ಇದ್ದಾರೆ, ಲೆಕ್ಕವೂ ಸರಿಯಾಗಿಯೇ ಇರಬಹುದು. ಹಾಗಿದ್ದರೂ ಹೀಗೇಕೆ ಎಂದು ನಾನು ಹಲವು ಸಂಜೆ ಯೋಚಿಸಿದ್ದೇನೆ. ಡೆನ್ಮಾರ್ಕಿನಲ್ಲಿ ಅಸ್ತಮಾ ಎಂದರೆ ಔಷಧದಂಗಡಿಯ ದಾಖಲೆಯಲ್ಲಿ ಕಂಡ ಇನ್ಹೇಲರಿನ ಖರೀದಿ. ಬ್ರಿಟನ್ನಿನಲ್ಲಿ ಕುಟುಂಬ ವೈದ್ಯರು ಬರೆದಿಟ್ಟ ರೋಗದ ಹೆಸರು. ಒಂದು ಚೀಟಿ ಬರೆಸಿಕೊಳ್ಳುವ ಹೆಂಗಸು ಎರಡನೆಯದನ್ನೂ ಬರೆಸಿಕೊಳ್ಳುವುದು ಸುಲಭ, ಹಾಗಾಗಿ ಡೆನ್ಮಾರ್ಕಿನ ಅಂಕಿ ಉಬ್ಬಿರಬಹುದು. ಇತ್ತ ಬ್ರಿಟನ್ನಿನಲ್ಲಿ, ಎದೆ ಸ್ವಲ್ಪ ಬಿಗಿಯುವ, ತೂಕ ಹೆಚ್ಚಿರುವ ಹೆಂಗಸಿಗೆ ಹಾರ್ಮೋನು ಬರೆಯಲು ವೈದ್ಯರೇ ಹಿಂಜರಿದಿದ್ದರೆ, ಮುಂದೆ ಅಸ್ತಮಾ ಬರುವವರೆಲ್ಲ 'ಹಾರ್ಮೋನು ಇಲ್ಲದವರ' ಸಾಲಿಗೆ ಮೊದಲೇ ಸೇರಿಬಿಡುತ್ತಾರೆ. ಆಗ ಹಾರ್ಮೋನು ಕಾಪಾಡಿದಂತೆ ಕಾಣುತ್ತದೆ. ಆಯ್ಕೆ ಯಾರದು ಎಂಬುದನ್ನು ಅಂಕಿಗಳು ತಾವಾಗಿ ಹೇಳುವುದಿಲ್ಲ. ದೇಹದ ಕೊಬ್ಬು ತಾನೇ ಒಂದಿಷ್ಟು ಈಸ್ಟ್ರೋಜೆನ್ ತಯಾರಿಸುತ್ತದೆ ಎಂಬುದೂ ಲೆಕ್ಕವನ್ನು ಕದಡುತ್ತದೆ. ಉತ್ತರ ಯುರೋಪಿನ ಇನ್ನೊಂದು ಅಧ್ಯಯನದಲ್ಲಿ ಹಾರ್ಮೋನಿಗೂ ಅಸ್ತಮಾಕ್ಕೂ ಇರುವ ನಂಟು ತೆಳ್ಳಗಿನವರಲ್ಲಿ ಹೆಚ್ಚು ಬಲವಾಗಿ ಕಂಡಿತ್ತು. ಜೊತೆಗೆ ಅಮೆರಿಕದವರು ನುಂಗಿದ್ದು ಹೆಚ್ಚಾಗಿ ಗರ್ಭ ಧರಿಸಿದ ಕುದುರೆಗಳ ಮೂತ್ರದಿಂದ ತೆಗೆದ ಈಸ್ಟ್ರೋಜೆನ್ ಗುಳಿಗೆ. ಫ್ರಾನ್ಸಿನಲ್ಲಿ ಚರ್ಮಕ್ಕೆ ಹಚ್ಚುವ, ಎಸ್ಟ್ರಾಡಿಯೋಲ್ ಎಂಬ ಬಗೆಯ ಈಸ್ಟ್ರೋಜೆನ್ನಿನ ರೂಢಿ ಹೆಚ್ಚು. 'ಹಾರ್ಮೋನು ಚಿಕಿತ್ಸೆ' ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ವಸ್ತುಗಳನ್ನು ಎಣಿಸಿದ್ದೇವೆ.

ಡೆನ್ಮಾರ್ಕಿನ ಅಧ್ಯಯನದ ಒಂದು ಅಂಶ ಮಾತ್ರ ನನ್ನನ್ನು ಹಿಡಿದು ನಿಲ್ಲಿಸುತ್ತದೆ. ಹಾರ್ಮೋನು ನಿಲ್ಲಿಸಿದವರಲ್ಲಿ ಅಸ್ತಮಾದ ಔಷಧಿಯೂ ನಿಂತುಹೋಗುವ ಸಾಧ್ಯತೆ ಎರಡರಷ್ಟಿತ್ತು. ಒಂದನ್ನು ಬಿಡುವವಳು ಬೇಸತ್ತು ಎಲ್ಲವನ್ನೂ ಬಿಟ್ಟಿರಬಹುದು ಎಂಬ ಅಡ್ಡಮಾತು ಇಲ್ಲಿಯೂ ಸಾಧ್ಯ. ಆದರೂ ಹಾರ್ಮೋನು ಶುರುಮಾಡಿದ ಮೇಲೆ ಮೊದಲ ಬಾರಿಗೆ ಉಬ್ಬಸ ಕಂಡ ಹೆಂಗಸಿಗೆ, ಇನ್ಹೇಲರನ್ನು ಹೆಚ್ಚಿಸುವ ಮುನ್ನ ಹಾರ್ಮೋನನ್ನು ಬಿಟ್ಟು ನೋಡೋಣವೇ ಎಂದು ವೈದ್ಯರನ್ನು ಕೇಳಲು ಇಷ್ಟು ಸಾಕು.

ಬರೀ ಈಸ್ಟ್ರೋಜೆನ್ ಎಂಬ ಮಾತು ಬಂದಾಗ ನನಗೆ ಕಲಬುರಗಿಯ ತಾಂಡಾಗಳ ನೆನಪಾಗುತ್ತದೆ. ಗರ್ಭಕೋಶವಿದ್ದವರಿಗೆ ಅದರ ಒಳಪದರದ ರಕ್ಷಣೆಗೆಂದು ಪ್ರೊಜೆಸ್ಟೆರೋನನ್ನು ಸೇರಿಸಿಯೇ ಕೊಡಬೇಕು. ಬರೀ ಈಸ್ಟ್ರೋಜೆನ್ ಕೊಡುವುದು ಗರ್ಭಕೋಶ ತೆಗೆಸಿಕೊಂಡವರಿಗೆ. ಹತ್ತು ವರ್ಷಗಳ ಹಿಂದೆ ಆ ಜಿಲ್ಲೆಯ ಲಂಬಾಣಿ ಹೆಂಗಸರ ಗರ್ಭಕೋಶಗಳನ್ನು ಅನಗತ್ಯವಾಗಿ, ಚಿಕ್ಕ ವಯಸ್ಸಿನಲ್ಲೇ ತೆಗೆದದ್ದು ಸುದ್ದಿಯಾಗಿತ್ತು. ಅಂಡಾಶಯವನ್ನೂ ತೆಗೆದರೆ ಮರುದಿನವೇ ಋತುಬಂಧ. ನಲವತ್ತೈದರೊಳಗೆ ಹಾಗಾದವರಿಗೆ ಸಹಜ ಋತುಬಂಧದ ವಯಸ್ಸಿನವರೆಗಾದರೂ ಹಾರ್ಮೋನು ಕೊಡಬೇಕೆಂಬುದು ಚಿಕಿತ್ಸೆಯ ಒಪ್ಪಿತ ನಿಯಮ. ಸೌದೆ ಒಲೆಯ ಹೊಗೆಯಲ್ಲಿ ಕೂತು, ತೊಗರಿಯ ಹೊಟ್ಟಿನಲ್ಲಿ ದುಡಿಯುವ ಅವರ ಎದೆಗೆ ಅದು ಏನು ಮಾಡುತ್ತದೆ ಎಂದು ನರ್ಸುಗಳ ಪ್ರಶ್ನಾವಳಿಯಿಂದ ಊಹಿಸಲು ನನಗೆ ಧೈರ್ಯವಿಲ್ಲ.

ಮೂರು ಗಂಟೆಯ ಎರಡು ಬಗೆ

ಇಷ್ಟು ಹೊತ್ತು ಬರೆದದ್ದೆಲ್ಲ ಅಸ್ತಮಾ ಇಲ್ಲದವರಿಗೆ ಅದು ಬರುತ್ತದೆಯೇ ಎಂಬುದರ ಬಗ್ಗೆ. ನನಗೆ ಅದು ಮೊದಲೇ ಇದೆ. ಇರುವ ಉಬ್ಬಸ ಹಾರ್ಮೋನಿನಿಂದ ಕೆಡುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಅದಕ್ಕೆ ಸಿಗುವುದು ಕೆಲವೇ ಹೆಂಗಸರನ್ನು ನೋಡಿದ ಸಣ್ಣ ಅಧ್ಯಯನಗಳು. ಹಾರ್ಮೋನು ನಿಲ್ಲಿಸಿ ಮತ್ತೆ ಕೊಟ್ಟು ನೋಡಿದಾಗ ಊದುವ ಶಕ್ತಿಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ ಎಂದು ಕೆಲವು ಹೇಳಿದರೆ, ಸ್ಟೆರಾಯ್ಡಿನ ಅಗತ್ಯ ಕಡಿಮೆಯಾಯಿತು ಎಂದು ಪೋಲೆಂಡಿನ ಕೆಲಸವೊಂದು ಹೇಳಿತು.

ನನ್ನ ತುರ್ತು ಬೇರೆ ಇತ್ತು. ನಸುಕಿನ ಮೂರು ಗಂಟೆಗೆ ಎಚ್ಚರವಾಗುತ್ತಿತ್ತು. ಎದೆ ಬಡಿತ, ಉಸಿರು ಸಾಲದೆಂಬ ಭಾವ, ಕುತ್ತಿಗೆಯಿಂದ ಕಿವಿಯವರೆಗೆ ಏರುವ ಬಿಸಿ, ಬೆವರು. ಉಬ್ಬಸಕ್ಕೂ ನಸುಕು ಕೆಟ್ಟ ಹೊತ್ತು. ಶ್ವಾಸನಾಳಗಳು ಅತಿ ಹೆಚ್ಚು ಕಿರಿದಾಗುವುದು ನಾಲ್ಕರ ಆಸುಪಾಸಿನಲ್ಲೇ. ಕತ್ತಲಲ್ಲಿ ತಡಕಾಡಿ ನೀಲಿ ಇನ್ಹೇಲರಿನ ಎರಡು ಪಫ್ ಎಳೆದುಕೊಳ್ಳುತ್ತಿದ್ದೆ. ಅದರಿಂದ ಎದೆ ಬಡಿತ ಇನ್ನಷ್ಟು ಏರುತ್ತಿತ್ತು, ಕೈ ನಡುಗುತ್ತಿತ್ತು, ಅದನ್ನು ಕಂಡು ಮತ್ತಷ್ಟು ಗಾಬರಿ. ಕೊನೆಗೊಂದು ರಾತ್ರಿ ತಲೆದಿಂಬಿನ ಪಕ್ಕ ಪೀಕ್ ಫ್ಲೋ ಮೀಟರ್, ಅಂದರೆ ಊದಿದ ಉಸಿರಿನ ವೇಗ ಅಳೆಯುವ ಕೊಳವೆ, ಇಟ್ಟುಕೊಂಡು ಮಲಗಿದೆ. ಎಚ್ಚರವಾದಾಗ ಎದ್ದು ನಿಂತು ಊದಿದೆ. ಮುಳ್ಳು 370ಕ್ಕೆ ಹೋಯಿತು. ನನ್ನ ಅತ್ಯುತ್ತಮ ಅಂಕಿಯೇ 380. ಅಂದರೆ ಶ್ವಾಸನಾಳಗಳು ತೆರೆದೇ ಇದ್ದವು, ಆ ರಾತ್ರಿ ನನ್ನನ್ನು ಎಬ್ಬಿಸಿದ್ದು ಉಬ್ಬಸವಲ್ಲ. ಮಂಚದ ಅಂಚಿನಲ್ಲಿ ಕೂತು ಫ್ಯಾನಿನ ಗಾಳಿಗೆ ಬೆನ್ನೊಡ್ಡಿದೆ. ಏಳೆಂಟು ನಿಮಿಷದಲ್ಲಿ ಎಲ್ಲ ಇಳಿಯಿತು. ನಾಲ್ಕು ದಿನಗಳ ನಂತರ, ಅದೇ ಹೊತ್ತು, ಅದೇ ಬೆವರು, ಮುಳ್ಳು 240ರಲ್ಲಿ ನಿಂತಿತು. ಆ ರಾತ್ರಿಯದು ಉಬ್ಬಸವೇ.

ಒಂದು ತಿಂಗಳು ಹೀಗೆ ಊದಿ ಬರೆದಿಟ್ಟೆ. ಎಚ್ಚರವಾದ 19 ರಾತ್ರಿಗಳಲ್ಲಿ ಮುಳ್ಳು 300ಕ್ಕಿಂತ ಕೆಳಗಿಳಿದದ್ದು ಆರು ರಾತ್ರಿ ಮಾತ್ರ. ಉಳಿದ 13 ರಾತ್ರಿ ನಾನು ಬೇಡದ ಔಷಧಿಯನ್ನು ಎಳೆದುಕೊಳ್ಳುತ್ತಿದ್ದೆ ಎಂದಾಯಿತು. ಜೋಳದ ಚೀಲಕ್ಕೆ ಒರಗಿದ್ದ ಅವ್ವನ ಕೈಯಲ್ಲಿ ಇಂತಹ ಪ್ಲಾಸ್ಟಿಕ್ ಕೊಳವೆಯೊಂದು ಇದ್ದಿದ್ದರೆ ಬಿಳಿ ಗುಳಿಗೆಗಳಲ್ಲಿ ಎಷ್ಟು ಉಳಿಯುತ್ತಿದ್ದವೋ.

ಜೆಲ್

ಈ ಪಟ್ಟಿಯನ್ನು ಹಿಡಿದು ಎರಡೂ ವೈದ್ಯರ ಬಳಿ ಹೋದೆ. ಮಾತು ಬದಲಾಯಿತು. ಕಾಗದದ ಮೇಲೆ ಅಂಕಿಯಿದ್ದರೆ ಹೆಂಗಸಿನ ಮಾತಿಗೆ ತೂಕ ಬರುವುದು ನನಗೆ ಸಂತೋಷದ ಸಂಗತಿಯೇನಲ್ಲ, ಆದರೆ ಅಂದು ಅದು ಕೆಲಸಕ್ಕೆ ಬಂತು. ಎದೆರೋಗದ ವೈದ್ಯರು ಹೇಳಿದ್ದು ಇಷ್ಟು: ಅಸ್ತಮಾ ಇದೆ ಎಂಬ ಒಂದೇ ಕಾರಣಕ್ಕೆ ಹಾರ್ಮೋನನ್ನು ನಿರಾಕರಿಸಬೇಕಿಲ್ಲ, ಆದರೆ ದಿನವೂ ತೆಗೆದುಕೊಳ್ಳುವ ಸ್ಟೆರಾಯ್ಡ್ ಇನ್ಹೇಲರನ್ನು ಯಾವ ಕಾರಣಕ್ಕೂ ಬಿಡಬೇಡಿ, ಶುರು ಮಾಡುವ ಮೊದಲು ಮತ್ತು ಮೂರು ತಿಂಗಳಿಗೆ ಸ್ಪೈರೋಮೆಟ್ರಿ (ಊದಿಸಿ ಶ್ವಾಸಕೋಶದ ಶಕ್ತಿ ಅಳೆಯುವ ಪರೀಕ್ಷೆ) ಮಾಡಿಸೋಣ, ನಡುವೆ ಮುಳ್ಳು ಇಳಿಯುತ್ತಲೇ ಹೋದರೆ ಕಾಯದೆ ಬನ್ನಿ. ಸ್ತ್ರೀರೋಗ ತಜ್ಞರು ಗುಳಿಗೆಯ ಬದಲು ತೋಳಿಗೆ ಹಚ್ಚುವ ಜೆಲ್ ಆರಿಸಿದರು, ಏಕೆಂದರೆ ನುಂಗಿದ ಈಸ್ಟ್ರೋಜೆನ್ ಮೊದಲು ಯಕೃತ್ತನ್ನು ಹಾದುಹೋಗಿ ರಕ್ತ ಹೆಪ್ಪುಗಟ್ಟುವ ಅಂಶಗಳನ್ನು ಹೆಚ್ಚಿಸುತ್ತದೆ, ಚರ್ಮದ ಮೂಲಕ ಹೋದದ್ದು ಹಾಗೆ ಮಾಡುವುದು ಕಡಿಮೆ. ರಾತ್ರಿಗೆ ಪ್ರೊಜೆಸ್ಟೆರೋನ್ ಕ್ಯಾಪ್ಸೂಲ್.

ಹೊರಡುವಾಗ ಅವರು ಕರೆದು ಹೇಳಿದ ಮಾತನ್ನು ಉಬ್ಬಸದ ಹೆಂಗಸರಿಗೆಲ್ಲ ದಾಟಿಸಬೇಕು. ನಮ್ಮಂಥವರಿಗೆ ಉಸಿರು ಕಟ್ಟಿದರೆ ಅದು ಅಸ್ತಮಾ ಎಂದೇ ನಾವು ತಿಳಿಯುತ್ತೇವೆ. ಹಾರ್ಮೋನು ತೆಗೆದುಕೊಳ್ಳುವಾಗ, ಅದರಲ್ಲೂ ಗುಳಿಗೆಯ ರೂಪದಲ್ಲಿ, ಇದ್ದಕ್ಕಿದ್ದಂತೆ ಉಸಿರು ಸಾಲದಾಗಿ, ಎದೆಯಲ್ಲಿ ಪೀಪಿಯ ಸದ್ದಿಲ್ಲದೆ, ಇನ್ಹೇಲರಿಗೆ ಬಗ್ಗದೆ, ಉಸಿರೆಳೆದರೆ ಚುಚ್ಚಿದಂತೆ ನೋವಾದರೆ, ಒಂದು ಕಾಲಿನ ಮೀನಖಂಡ ಊದಿಕೊಂಡಿದ್ದರೆ, ಅದು ಶ್ವಾಸಕೋಶಕ್ಕೆ ಹೋಗಿ ಸಿಕ್ಕಿಕೊಂಡ ಹೆಪ್ಪುರಕ್ತ ಇರಬಹುದು. ಆಗ ಮನೆಯಲ್ಲಿ ಪಫ್ ಎಣಿಸುತ್ತಾ ಕೂರದೆ ತುರ್ತು ಚಿಕಿತ್ಸೆಗೆ ಓಡಬೇಕು.

ಶ್ರಾವಣದಲ್ಲಿ ಶುರುಮಾಡಿದೆ. ಆರು ವಾರದಲ್ಲಿ ಮೈ ಬಿಸಿಯೇರುವುದು ದಿನಕ್ಕೆ ಎಂಟು ಹತ್ತರಿಂದ ಒಂದೆರಡಕ್ಕೆ ಇಳಿಯಿತು, ನಿದ್ದೆ ಮರಳಿತು. ಉಬ್ಬಸದ ವಿಷಯದಲ್ಲಿ ಅಷ್ಟು ಖಚಿತವಾಗಿ ಹೇಳಲಾರೆ. ಸ್ಪೈರೋಮೆಟ್ರಿಯ ಅಂಕಿ ಇದ್ದಲ್ಲೇ ಇದೆ. 300ಕ್ಕಿಂತ ಕೆಳಗಿಳಿಯುವ ರಾತ್ರಿಗಳು ತಿಂಗಳಿಗೆ ಆರರಿಂದ ಮೂರಕ್ಕೆ ಬಂದಿವೆ. ಜೆಲ್ಲಿನಿಂದ ಹಾರ್ಮೋನಿನ ಏರಿಳಿತ ತಗ್ಗಿ ಹೀಗಾಯಿತೇ, ನಿದ್ದೆ ಬಂದದ್ದರಿಂದ ಆಯಿತೇ, ಮಳೆ ನಿಂತು ಗೋಡೆಯ ತೇವ ಆರಿದ್ದರಿಂದ ಆಯಿತೇ, ಅಥವಾ ಯಾರೋ ದಿನವೂ ಗಮನಿಸುತ್ತಿದ್ದಾರೆಂಬ ಕಾರಣಕ್ಕೆ ನಾನೇ ಸ್ಟೆರಾಯ್ಡ್ ಇನ್ಹೇಲರನ್ನು ತಪ್ಪದೆ ತೆಗೆದುಕೊಂಡದ್ದರಿಂದ ಆಯಿತೇ? ನಾಲ್ಕೂ ಒಟ್ಟಿಗೆ ನಡೆದಿವೆ. ಆರು ಮೂರಾಗುವುದು ಬರೀ ಆಕಸ್ಮಿಕವೂ ಇರಬಹುದು ಎಂಬುದನ್ನು ಎರಡನೆಯ ವರ್ಷದ ವಿದ್ಯಾರ್ಥಿಯೂ ಲೆಕ್ಕ ಹಾಕಿ ತೋರಿಸಬಲ್ಲ.

ಅಣ್ಣ ಮೊನ್ನೆ ಫೋನಿನಲ್ಲಿ, "ಈ ಸಲ ಮಿರುಗಕ್ಕೆ ಹೈದರಾಬಾದಿಗೆ ಹೋಗಿ ಮೀನು ನುಂಗಿ ಬಾ, ಇಷ್ಟೆಲ್ಲ ಯಾಕ" ಎಂದು ಚುಡಾಯಿಸಿದ. ಮೃಗಶಿರಾ ಮಳೆ ಹುಟ್ಟುವ ದಿನ ಉಬ್ಬಸದವರಿಗೆ ಅಲ್ಲಿ ಬಾಯಲ್ಲಿ ಮದ್ದಿಟ್ಟ ಜೀವಂತ ಮೀನು ನುಂಗಿಸುತ್ತಾರೆ. ಮೃಗಶಿರಾ ಮಳೆಗೆ ಇನ್ನು ಮೂರು ವಾರವಿದೆ. ಅದು ಕಳೆದು ಆಷಾಢ ಬಂದರೆ, ಹಾರ್ಮೋನು ಇಲ್ಲದ ಕಳೆದ ಆಷಾಢದ ರಾತ್ರಿಗಳ ಪಕ್ಕದಲ್ಲಿ ಹಾರ್ಮೋನು ಇರುವ ಈ ಆಷಾಢದ ರಾತ್ರಿಗಳನ್ನು ಇಟ್ಟು ನೋಡಬಹುದು. ಮಳೆಯೂ ತೇವವೂ ಎರಡೂ ಕಡೆ ಒಂದೇ ಆಗಿರುತ್ತವೆ. ಪೀಕ್ ಫ್ಲೋ ಮೀಟರಿನ ಬಾಯಿಯನ್ನು ಬಿಸಿನೀರಿನಲ್ಲಿ ತೊಳೆದು ಒಣಗಲಿಟ್ಟಿದ್ದೇನೆ. ಹೊಸ ನೋಟ್‌ಬುಕ್ಕಿಗೆ ಕಾಲಂ ಎಳೆಯುವಾಗ ಈ ಸಲ ನಿದ್ದೆಗೂ ಒಂದು ಸಾಲು ಸೇರಿಸಿದೆ.